‘ಆ್ಯಂಗ್ರಿ ಆನ್ ಮಿ’ ಯಾಕೆ ತಪ್ಪು ಅಂತ ಹುಡುಗರಿಗೆ ಹೇಗೆ ಹೇಳಲಿ?

ರಾಣೆಬೆನ್ನೂರು_ಟ್ಯೂಷನ್:

ಎಲ್ಲರಿಗೂ ನಮಸ್ಕಾರ. ಸಂಜೆ ಹೊತ್ತು ಡಿಗ್ರಿ ಓದುವ ಹುಡುಗ ಹುಡುಗಿಯರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಎಲ್ಲರೂ ಎಸ್ಸೆಸ್ಸೆಲ್ಸಿ ತನಕ ಕನ್ನಡ ಮೀಡಿಯಂನವರು. ಟೆನ್ಸ್ ಹೇಗೋ ದಾಟಿದೆವು, ಪ್ಯಾಸಿವ್ ವಾಯ್ಸ್ ಕೂಡ ಪರವಾಗಿಲ್ಲ. ಆದರೆ ಅಡ್ಜೆಕ್ಟಿವ್ ಆದಮೇಲೆ ಯಾವ ಪ್ರಿಪೊಸಿಷನ್ ಹಾಕಬೇಕು ಅನ್ನುವಲ್ಲಿ ಬಂಡಿ ನಿಂತುಬಿಟ್ಟಿದೆ.

ಅವರು ಬರೆಯುವ ವಾಕ್ಯಗಳು ಹೀಗಿರುತ್ತವೆ: ‘ಮೈ ಫಾದರ್ ಈಸ್ ಆ್ಯಂಗ್ರಿ ಆನ್ ಮಿ’, ‘ಐ ಆ್ಯಮ್ ಗುಡ್ ಇನ್ ಮ್ಯಾಥ್ಸ್’, ‘ಶಿ ಈಸ್ ಮ್ಯಾರೀಡ್ ವಿತ್ ಎ ಡಾಕ್ಟರ್’, ‘ಹಿ ಈಸ್ ಸೀನಿಯರ್ ದ್ಯಾನ್ ಮಿ’, ‘ದ ಬಕೆಟ್ ಈಸ್ ಫುಲ್ ವಿತ್ ವಾಟರ್’. ತಿದ್ದಿದರೆ ‘ಯಾಕೆ ಸರ್?’ ಅಂತ ಕೇಳುತ್ತಾರೆ. ಕೇಳುವುದು ಒಳ್ಳೆಯದೇ, ಆದರೆ ಉತ್ತರ ಬೇಕಲ್ವಾ. ಮೊನ್ನೆ ಒಬ್ಬಳು ‘ಮೇಲೆ ಅಂದ್ರೆ ಆನ್ ಅಂತ ನೀವೇ ಹೇಳಿಕೊಟ್ಟಿದ್ದು, ಅಪ್ಪನಿಗೆ ನನ್ನ ಮೇಲೆ ಸಿಟ್ಟು ಬಂದ್ರೆ ಆನ್ ಮಿ ಆಗ್ಬೇಕಲ್ವಾ ಸರ್’ ಅಂದಳು. ಅವಳು ಹೇಳಿದ್ದರಲ್ಲಿ ಏನೂ ತಪ್ಪಿಲ್ಲ ಅನ್ನಿಸುತ್ತದೆ.

ಗ್ರಾಮರ್ ಗೈಡ್‌ಗಳಲ್ಲಿ ಒಂದು ಉದ್ದದ ಪಟ್ಟಿ ಇರುತ್ತದೆ, ಎ ಇಂದ ಝಡ್ ತನಕ. ಬಾಯಿಪಾಠ ಮಾಡಿಸಿದರೆ ಆ ವಾರದ ಟೆಸ್ಟ್‌ನಲ್ಲಿ ಸರಿ ಬರೆಯುತ್ತಾರೆ. ಮುಂದಿನ ವಾರ ಮಾತಾಡುವಾಗ ಮತ್ತೆ ‘ಆ್ಯಂಗ್ರಿ ಆನ್’. ‘ಅದು ಹಾಗೇ, ಇಂಗ್ಲಿಷ್‌ನವರು ಹಾಗೇ ಹೇಳ್ತಾರೆ’ ಅನ್ನುವುದು ಬಿಟ್ಟು ಬೇರೆ ಏನಾದರೂ ಹೇಳಲು ಸಾಧ್ಯವಾ? ಪಾಠ ಮಾಡುವವರು, ಬರವಣಿಗೆ ಕೆಲಸದಲ್ಲಿರುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಸಾಗರದ_ಮೇಷ್ಟ್ರು:

ಒಳ್ಳೆ ಪ್ರಶ್ನೆ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟು ರಿಟೈರ್ ಆದವನು, ಈ ರೋಗ ಚೆನ್ನಾಗಿ ಗೊತ್ತು.

ಮೊದಲು ಆ ಹುಡುಗಿಗೆ ಶಭಾಷ್ ಹೇಳಿ. ಅವಳು ತಲೆ ಓಡಿಸಿದ್ದಾಳೆ. ತೊಂದರೆ ಇರುವುದು ‘ಮೇಲೆ ಅಂದ್ರೆ ಆನ್’ ಅನ್ನುವ ಪಾಠದಲ್ಲಿ. ಪುಸ್ತಕ ಟೇಬಲ್ ಮೇಲಿದೆ, ಬೆಕ್ಕು ಗೋಡೆ ಮೇಲಿದೆ, ಅಲ್ಲಿಗೆ ಆ ಪಾಠ ಸರಿ. ಅಲ್ಲಿ ಜಾಗ ಅಂತ ಒಂದಿದೆ, ಕಣ್ಣಿಗೆ ಕಾಣುತ್ತದೆ. ಆದರೆ ಅಪ್ಪನ ಸಿಟ್ಟು ಅವಳ ತಲೆ ಮೇಲೆ ಕೂತಿಲ್ಲವಲ್ಲ. ಅಲ್ಲಿ ‘ಮೇಲೆ’ ಜಾಗ ತೋರಿಸುತ್ತಿಲ್ಲ, ‘ಸಿಟ್ಟು’ ಅನ್ನುವ ಪದ ಅದನ್ನು ಕೇಳುತ್ತದೆ, ಅದಕ್ಕೇ ಬಂದಿದೆ. ಇಂಗ್ಲಿಷ್‌ನಲ್ಲಿ ‘ಆ್ಯಂಗ್ರಿ’ ಅನ್ನುವ ಪದ ‘ವಿತ್’ ಇಲ್ಲವೇ ‘ಆ್ಯಟ್’ ಕೇಳುತ್ತದೆ. ಅಂದರೆ ಪ್ರಿಪೊಸಿಷನ್ ಆರಿಸುವುದು ಹಿಂದಿರುವ ಅಡ್ಜೆಕ್ಟಿವ್. ನಮ್ಮ ಮನಸ್ಸಿನಲ್ಲಿರುವ ಕನ್ನಡ ಪ್ರತ್ಯಯಕ್ಕೂ ಅದಕ್ಕೂ ಸಂಬಂಧ ಇಲ್ಲ.

ಇದು ಹುಡುಗರಿಗೆ ಅರ್ಥವಾಗಬೇಕಾದರೆ ಕನ್ನಡದಿಂದಲೇ ಶುರು ಮಾಡಿ. ಹಿಂದಿಯವರು ಹೊಸದಾಗಿ ಕನ್ನಡ ಕಲಿಯುವಾಗ ‘ನಾನು ನಾಯಿಯಿಂದ ಹೆದರ್ತೀನಿ’ ಅನ್ನುತ್ತಾರೆ, ‘ಅವನಿಂದ ಕೇಳಿ’ ಅನ್ನುತ್ತಾರೆ. ಅವರ ಭಾಷೆಯಲ್ಲಿ ಎರಡೂ ಕಡೆ ‘ಸೇ’ ಬರುತ್ತದೆ, ಅದಕ್ಕೆ. ನಾವು ‘ನಾಯಿಗೆ ಹೆದರ್ತೀನಿ’, ‘ಅವನನ್ನ ಕೇಳಿ’ ಅನ್ನುತ್ತೇವೆ. ಯಾಕೆ ‘ಗೆ’, ಯಾಕೆ ‘ಅನ್ನು’ ಅಂತ ಆ ಹಿಂದಿಯವರು ಕೇಳಿದರೆ ನಿಮ್ಮ ವಿದ್ಯಾರ್ಥಿಗಳು ಏನು ಹೇಳುತ್ತಾರೆ, ಕೇಳಿ ನೋಡಿ. ‘ಅದು ಹಾಗೇ’ ಅಂತಲೇ ಹೇಳುತ್ತಾರೆ!

ಇನ್ನೂ ಒಂದಿದೆ. ‘ಅವನನ್ನು ನಂಬುತ್ತೇನೆ’ ಅನ್ನುತ್ತೇವೆ, ಆದರೆ ‘ಅವನ ಮೇಲೆ ನಂಬಿಕೆ’. ಕ್ರಿಯಾಪದ ನಾಮಪದವಾದ ಕೂಡಲೇ ಪ್ರತ್ಯಯ ಬದಲಾಯಿತು. ಇಂಗ್ಲಿಷ್‌ನಲ್ಲೂ ಇದೇ ಆಟ. ‘ಪ್ರೌಡ್ ಆಫ್’ ಸರಿ, ಆದರೆ ‘ಪ್ರೈಡ್ ಇನ್’. ‘ಫಾಂಡ್ ಆಫ್’, ಆದರೆ ‘ಫಾಂಡ್‌ನೆಸ್ ಫಾರ್’. ಆದ್ದರಿಂದ ಬಾಯಿಪಾಠ ಮಾಡಿಸುವುದಾದರೆ ಪದ ಒಂದನ್ನೇ ಮಾಡಿಸಬೇಡಿ, ಪದ ಮತ್ತು ಬಾಲ ಎರಡನ್ನೂ ಅಂಟಿಸಿ ಮಾಡಿಸಿ. ‘ಅಫ್ರೇಡ್ ಅಂದರೆ ಭಯ’ ಅಂತ ಬರೆಸುವ ಬದಲು ‘ಅಫ್ರೇಡ್ ಆಫ್ ಡಾಗ್ಸ್’ ಅಂತ ಬರೆಸಿ. ಅಷ್ಟೂ ಒಂದೇ ಪದ ಅಂದುಕೊಳ್ಳಲಿ.

ಇನ್ನು ‘ಸೀನಿಯರ್ ದ್ಯಾನ್’. ಇದಕ್ಕೆ ಮಾತ್ರ ನಿಜವಾದ ಕಾರಣ ಇದೆ. ಸೀನಿಯರ್, ಜೂನಿಯರ್, ಸುಪೀರಿಯರ್, ಇನ್‌ಫೀರಿಯರ್, ಪ್ರಯರ್ ಇವೆಲ್ಲ ಲ್ಯಾಟಿನ್‌ನಿಂದ ಬಂದ ತುಲನೆಯ ರೂಪಗಳು. ‘ಸೀನಿಯರ್’ ಅಂದರೆ ಲ್ಯಾಟಿನ್‌ನಲ್ಲಿ ‘ಹೆಚ್ಚು ವಯಸ್ಸಾದ’ ಅಂತಲೇ ಅರ್ಥ. ‘ದ್ಯಾನ್’ ಬರುವುದು ‘ಟಾಲರ್’, ‘ಬೆಟರ್’, ‘ಮೋರ್ ಬ್ಯೂಟಿಫುಲ್’ ತರಹದ ಇಂಗ್ಲಿಷ್‌ನ ಸ್ವಂತ ತುಲನೆಗೆ. ಈ ಲ್ಯಾಟಿನ್ ಗುಂಪಿಗೆ ‘ಟು’. ‘ಸೀನಿಯರ್ ಟು ಮಿ’, ‘ಪ್ರಯರ್ ಟು ದಿ ಎಕ್ಸಾಮ್’. ಈ ಒಂದು ಗುಂಪನ್ನು ಕಾರಣ ಸಮೇತ ಹೇಳಿ, ಮರೆಯುವುದಿಲ್ಲ.

ಮ್ಯೂನಿಕ್_ಮಂಡ್ಯ:

ಮೇಷ್ಟ್ರೇ, ನಿಮ್ಮ ಮಾತಿಗೆ ಇಲ್ಲಿಂದ ಒಂದು ಸಾಕ್ಷಿ ಕೊಡುತ್ತೇನೆ. ನಾನು ಜರ್ಮನಿಯಲ್ಲಿ ಕೆಲಸ ಮಾಡುತ್ತಿದ್ದೇನೆ, ಭಾಷೆ ಕಲಿಯಲೇಬೇಕಾಯಿತು.

ಜರ್ಮನ್‌ನಲ್ಲಿ ಸಿಟ್ಟಿಗೆ ‘ಬ್ಯೋಸ ಔಫ್’ ಅನ್ನುತ್ತಾರೆ. ‘ಔಫ್’ ಅಂದರೆ ಮೇಲೆ. ಅಂದರೆ ಪಕ್ಕಾ ‘ಆ್ಯಂಗ್ರಿ ಆನ್’! ಗಣಿತದಲ್ಲಿ ಹುಷಾರು ಅನ್ನಲು ‘ಗೂಟ್ ಇನ್ ಮಾಥೆ’, ಅಂದರೆ ‘ಗುಡ್ ಇನ್ ಮ್ಯಾಥ್ಸ್’. ಮದುವೆಗೆ ‘ಫೆರ್‌ಹೈರಾಟೆಟ್ ಮಿಟ್’, ಅಂದರೆ ‘ಮ್ಯಾರೀಡ್ ವಿತ್’. ಅಣ್ಣಾ, ನಿಮ್ಮ ರಾಣೆಬೆನ್ನೂರಿನ ಹುಡುಗರನ್ನು ಇಲ್ಲಿಗೆ ಕಳಿಸಿ, ಅರ್ಧ ಪಾಠ ಆಗಲೇ ಮುಗಿದಿದೆ. 😄

ತಮಾಷೆ ಏನೆಂದರೆ ಜರ್ಮನ್ ಮತ್ತು ಇಂಗ್ಲಿಷ್ ಒಂದೇ ಮನೆತನದ ಭಾಷೆಗಳು. ಅಷ್ಟು ಹತ್ತಿರದ ನಂಟರೇ ಸಿಟ್ಟಿಗೆ ಬೇರೆ ಬೇರೆ ಪ್ರಿಪೊಸಿಷನ್ ಇಟ್ಟುಕೊಂಡಿದ್ದಾರೆ ಅಂದಮೇಲೆ ಇದರಲ್ಲಿ ಲಾಜಿಕ್ ಹುಡುಕಿ ಪ್ರಯೋಜನ ಇಲ್ಲ. ನನ್ನ ಜೊತೆ ಕೆಲಸ ಮಾಡುವ ಜರ್ಮನ್ನರಲ್ಲೂ ಕೆಲವರು ಇಂಗ್ಲಿಷ್ ಮಾತಾಡುವಾಗ ‘ಮ್ಯಾರೀಡ್ ವಿತ್’ ಅನ್ನುತ್ತಾರೆ. ಇದು ಕನ್ನಡ ಮೀಡಿಯಂನ ಕಾಯಿಲೆ ಅಲ್ಲ, ಎರಡನೇ ಭಾಷೆ ಕಲಿಯುವವರೆಲ್ಲರದ್ದೂ. ಅದನ್ನು ಹುಡುಗರಿಗೆ ಮೊದಲು ಹೇಳಿ, ಕೀಳರಿಮೆ ಹೋಗುತ್ತದೆ.

ಸುಮ್ನೆ_ಒಬ್ಬ:

ಇಷ್ಟೆಲ್ಲ ಯಾಕೆ ಬೇಕು ಸ್ವಾಮಿ? ‘ಗುಡ್ ಇನ್ ಮ್ಯಾಥ್ಸ್’ ಅಂದರೆ ಯಾರಿಗೆ ಅರ್ಥವಾಗಲ್ಲ? ದೇಶದಲ್ಲಿ ಕೋಟ್ಯಂತರ ಜನ ಹಾಗೇ ಹೇಳುತ್ತಾರೆ. ಇಂಗ್ಲಿಷ್ ಈಗ ನಮ್ಮದೂ ಹೌದು. ಲಂಡನ್‌ನವರು ಏನಂತಾರೆ ಅಂತ ನೋಡಿಕೊಂಡು ಕೂತರೆ ಹುಡುಗರು ಬಾಯಿಯೇ ಬಿಡುವುದಿಲ್ಲ. ಮೊದಲು ಮಾತಾಡಲಿ ಬಿಡಿ. ಪ್ರಿಪೊಸಿಷನ್ ತಪ್ಪಿದರೆ ಆಕಾಶ ಬೀಳಲ್ಲ.

ಕೆಂಪು_ಪೆನ್ನು:

@ಸುಮ್ನೆ_ಒಬ್ಬ ಅರ್ಧ ಒಪ್ಪುತ್ತೇನೆ. ನಾನು ಬೆಂಗಳೂರಿನಲ್ಲಿ ಕಾಪಿ ಎಡಿಟರ್. ದಿನಾ ತಿದ್ದುವುದೇ ಕೆಲಸ. ಆದರೂ ಮಾತಾಡುವವರನ್ನು ನಡುವೆ ತಡೆದು ತಿದ್ದುವುದು ನನಗೂ ಇಷ್ಟವಿಲ್ಲ.

‘ಗುಡ್ ಇನ್ ಮ್ಯಾಥ್ಸ್’ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಶಾಲೆಯ ಸಬ್ಜೆಕ್ಟ್ ಬಗ್ಗೆ ಅಮೆರಿಕದಲ್ಲೂ ‘ಗುಡ್ ಇನ್’ ಅನ್ನುವವರು ಇದ್ದಾರೆ. ಪರೀಕ್ಷೆಯಲ್ಲಿ ‘ಗುಡ್ ಆ್ಯಟ್’ ಬರೆದರೆ ಸಾಕು. ‘ಡಿಫರೆಂಟ್’ ಕೂಡ ಹಾಗೆಯೇ. ‘ಡಿಫರೆಂಟ್ ಫ್ರಮ್’ ಎಲ್ಲ ಕಡೆ ನಡೆಯುತ್ತದೆ, ಬ್ರಿಟನ್‌ನಲ್ಲಿ ‘ಡಿಫರೆಂಟ್ ಟು’ ಕೂಡ ಹೇಳುತ್ತಾರೆ, ಅಮೆರಿಕದಲ್ಲಿ ‘ಡಿಫರೆಂಟ್ ದ್ಯಾನ್’. ‘ಬೋರ್ಡ್ ವಿತ್’ ಹಳೆಯದು, ಈಗಿನ ಹುಡುಗರು ‘ಬೋರ್ಡ್ ಆಫ್’ ಅನ್ನುತ್ತಾರೆ, ಹಳೆ ಮೇಷ್ಟ್ರುಗಳು ಹುಬ್ಬು ಗಂಟಿಕ್ಕುತ್ತಾರೆ. ಇಂಥ ಕಡೆ ಹಟ ಹಿಡಿಯುವುದು ದಂಡ.

ಆದರೆ ಕೆಲವು ಕಡೆ ಪ್ರಿಪೊಸಿಷನ್ ಬದಲಾದರೆ ಅರ್ಥವೇ ಬದಲಾಗುತ್ತದೆ. ಅಲ್ಲಿ ‘ಅರ್ಥವಾಗುತ್ತೆ ಬಿಡಿ’ ಅನ್ನಲು ಆಗುವುದಿಲ್ಲ, ಯಾಕೆಂದರೆ ಅರ್ಥವಾಗುವುದು ಬೇರೆಯೇ. ನನ್ನನ್ನು ಕೇಳಿದರೆ ಕ್ಲಾಸಿನ ಸಮಯ ಅಷ್ಟನ್ನೂ ಇದಕ್ಕೇ ಕೊಡಬೇಕು.

‘ಟೈರ್ಡ್’ ತಗೊಳ್ಳಿ. ‘ಐ ಆ್ಯಮ್ ಟೈರ್ಡ್ ಫ್ರಮ್ ದ ವರ್ಕ್’ ಅಂದರೆ ಕೆಲಸ ಮಾಡಿ ಸುಸ್ತಾಗಿದೆ. ‘ಐ ಆ್ಯಮ್ ಟೈರ್ಡ್ ಆಫ್ ದ ವರ್ಕ್’ ಅಂದರೆ ಈ ಕೆಲಸ ಸಾಕಪ್ಪಾ ಸಾಕು ಅನ್ನಿಸಿದೆ. ಮೊದಲನೆಯದಕ್ಕೆ ಮ್ಯಾನೇಜರ್ ಒಂದು ದಿನ ರಜಾ ಕೊಡಬಹುದು, ಎರಡನೆಯದಕ್ಕೆ ನಿಮ್ಮ ಜಾಗಕ್ಕೆ ಬೇರೆಯವರನ್ನು ಹುಡುಕಲು ಶುರು ಮಾಡಬಹುದು.

‘ರೆಸ್ಪಾನ್ಸಿಬಲ್ ಫಾರ್’ ಅಂದರೆ ಯಾವ ಕೆಲಸದ ಹೊಣೆ ನಿಮ್ಮದು ಅನ್ನುವುದು, ‘ರೆಸ್ಪಾನ್ಸಿಬಲ್ ಟು’ ಅಂದರೆ ಯಾರಿಗೆ ಉತ್ತರ ಕೊಡಬೇಕು ಅನ್ನುವುದು. ರೆಸ್ಯೂಮೆಯಲ್ಲಿ ‘ರೆಸ್ಪಾನ್ಸಿಬಲ್ ಟು ದ ಟೀಮ್’ ಅಂತ ಬರೆದರೆ ಟೀಮಿನವರೇ ನಿಮ್ಮ ಬಾಸ್ ಅಂದ ಹಾಗಾಯಿತು. ಟೀಮ್ ನಡೆಸುತ್ತಿದ್ದೆ ಅನ್ನಲು ‘ಫಾರ್’ ಬೇಕು. ‘ಕನ್ಸರ್ನ್ಡ್ ಅಬೌಟ್’ ಅಂದರೆ ಚಿಂತೆ. ‘ಕನ್ಸರ್ನ್ಡ್ ವಿತ್’ ಅಂದರೆ ಆ ವಿಷಯಕ್ಕೆ ಸಂಬಂಧಪಟ್ಟದ್ದು, ಉದಾಹರಣೆಗೆ ಒಂದು ವರದಿ ನೀರಾವರಿ ಕುರಿತು ಇದ್ದರೆ. ವರದಿಗೆ ಚಿಂತೆ ಇರುವುದಿಲ್ಲ ತಾನೆ.

‘ಫೆಮಿಲಿಯರ್’ ಜೊತೆ ತಲೆಕೆಳಗಾಗುವುದು ಜಾಸ್ತಿ. ನನಗೆ ಎಕ್ಸೆಲ್ ಗೊತ್ತು ಅನ್ನಲು ‘ಐ ಆ್ಯಮ್ ಫೆಮಿಲಿಯರ್ ವಿತ್ ಎಕ್ಸೆಲ್’. ಅದೇ ‘ಫೆಮಿಲಿಯರ್ ಟು’ ಹಾಕಿದರೆ ಕರ್ತೃ ಅದಲು ಬದಲಾಗುತ್ತದೆ: ‘ದಿಸ್ ಫೇಸ್ ಈಸ್ ಫೆಮಿಲಿಯರ್ ಟು ಮಿ’, ಈ ಮುಖ ನನಗೆ ಪರಿಚಯದ್ದು. ‘ಐ ಆ್ಯಮ್ ಫೆಮಿಲಿಯರ್ ಟು ಎಕ್ಸೆಲ್’ ಅಂತ ಬರೆದರೆ ಎಕ್ಸೆಲ್‌ಗೆ ನಿಮ್ಮ ಪರಿಚಯ ಇದೆ ಅಂತ ಆಯಿತು. ಕೆಲಸದ ಅರ್ಜಿಗಳಲ್ಲಿ ಇದನ್ನು ನೋಡುತ್ತಲೇ ಇರುತ್ತೇನೆ.

‘ಗುಡ್’ ಒಂದಕ್ಕೇ ಒಂದು ಕ್ಲಾಸ್ ಬೇಕು. ‘ಗುಡ್ ಆ್ಯಟ್ ಕುಕಿಂಗ್’ ಕೈರುಚಿ, ‘ಗುಡ್ ಫಾರ್ ಹೆಲ್ತ್’ ಒಳ್ಳೆಯದಾಗುವುದು, ‘ಗುಡ್ ವಿತ್ ಚಿಲ್ಡ್ರನ್’ ಮಕ್ಕಳನ್ನು ಸಂಭಾಳಿಸುವ ಕಲೆ, ‘ಗುಡ್ ಟು ಹಿಸ್ ಮದರ್’ ತಾಯಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆ. ಈ ನಾಲ್ಕೂ ಗೊತ್ತಿದ್ದವನಿಗೆ ‘ಪ್ರಿಪೊಸಿಷನ್ ಸುಮ್ನೆ ಒಂದು ಅಲಂಕಾರ’ ಅನ್ನಿಸುವುದಿಲ್ಲ.

ಮತ್ತೆ ‘ಸಾರಿ’. ‘ಸಾರಿ ಅಬೌಟ್ ದ ಡಿಲೇ’ ಅಂದರೆ ತಡವಾದ ಬಗ್ಗೆ ಬೇಸರ. ‘ಐ ಫೀಲ್ ಸಾರಿ ಫಾರ್ ಯು’ ಅಂದರೆ ‘ಪಾಪ, ಅಯ್ಯೋ ಅನ್ಸುತ್ತೆ ನಿನ್ನ ನೋಡಿದ್ರೆ’ ಅನ್ನುವ ಧಾಟಿ. ಸಾವಿನ ಮನೆಗೆ ಮೆಸೇಜ್ ಕಳಿಸುವಾಗ ‘ಸಾರಿ ಫಾರ್ ಯುವರ್ ಲಾಸ್’ ಬರೆಯಬೇಕು, ‘ಸಾರಿ ಫಾರ್ ಯು’ ಬರೆಯಬಾರದು. ಒಂದೆರಡು ಪದ ಬಿಟ್ಟುಹೋದರೆ ಸಂತಾಪ ಹೋಗಿ ಕನಿಕರ ಆಗುತ್ತದೆ.

ಸುಮ್ನೆ_ಒಬ್ಬ:

ಎಕ್ಸೆಲ್‌ಗೆ ನನ್ನ ಪರಿಚಯ ಇದೆ ಮೇಡಂ, ದಿನಾ ಹ್ಯಾಂಗ್ ಆಗಿ ನಮಸ್ಕಾರ ಮಾಡುತ್ತದೆ. ಆದರೂ ‘ಟೈರ್ಡ್ ಆಫ್’ ವಿಷಯ ಒಪ್ಪಿದೆ. ‘ಗುಡ್ ಇನ್’ ಮಾತ್ರ ಬಿಡಲ್ಲ.

ರಾಣೆಬೆನ್ನೂರು_ಟ್ಯೂಷನ್:

ಎಲ್ಲರಿಗೂ ಥ್ಯಾಂಕ್ಸ್. ಜರ್ಮನ್ ವಿಷಯ ನಾಳೆಯೇ ಹೇಳುತ್ತೇನೆ, ಆ ಹುಡುಗಿ ಕುಣಿದಾಡುತ್ತಾಳೆ. ಮೇಡಂ ಹೇಳಿದ ‘ಟೈರ್ಡ್ ಆಫ್’, ‘ಟೈರ್ಡ್ ಫ್ರಮ್’ ನಾಟಕ ಮಾಡಿಸಿ ತೋರಿಸಬಹುದು ಅನ್ನಿಸುತ್ತಿದೆ.

ಇನ್ನೊಂದು ತೊಂದರೆ ಇದೆ. ‘ಐ ಆ್ಯಮ್ ಅಫ್ರೇಡ್ ಆಫ್ ಸ್ನೇಕ್ಸ್’ ಅಂತ ಸರಿಯಾಗಿ ಹೇಳುವ ಹುಡುಗನೇ ಪ್ರಶ್ನೆ ಮಾಡುವಾಗ ‘ವಾಟ್ ಆರ್ ಯು ಅಫ್ರೇಡ್?’ ಅನ್ನುತ್ತಾನೆ. ‘ಆಫ್’ ಮಾಯ. ‘ವಿಚ್ ಸಬ್ಜೆಕ್ಟ್ ಆರ್ ಯು ಇಂಟರೆಸ್ಟೆಡ್?’ ಇನ್ನೊಂದು. ಬಾಲ ಅಂಟಿಸಿ ಕಲಿಸಿದರೂ ಬಾಲ ಎಲ್ಲಿ ಹೋಗುತ್ತದೆ?

ಸಾಗರದ_ಮೇಷ್ಟ್ರು:

ಇದು ಬಹಳ ಸೊಗಸಾದ ತಪ್ಪು. ಯಾಕೆ ಆಗುತ್ತದೆ ಅಂತ ನೋಡಿದರೆ ನಮ್ಮ ಭಾಷೆಯ ಬಗ್ಗೆಯೇ ಒಂದು ವಿಷಯ ಗೊತ್ತಾಗುತ್ತದೆ.

ಕನ್ನಡದಲ್ಲಿ ಪ್ರಶ್ನೆ ಕೇಳುವಾಗ ಪ್ರತ್ಯಯ ಪ್ರಶ್ನೆಯ ಪದಕ್ಕೇ ಅಂಟಿಕೊಂಡಿರುತ್ತದೆ: ‘ಯಾವುದಕ್ಕೆ ಹೆದರ್ತೀಯ?’, ‘ಯಾವುದರಲ್ಲಿ ಆಸಕ್ತಿ?’. ಪದ ಎಲ್ಲಿಗೆ ಹೋದರೂ ಪ್ರತ್ಯಯ ಜೊತೆಗೇ ಹೋಗುತ್ತದೆ, ಒಂದನ್ನು ಬಿಟ್ಟು ಇನ್ನೊಂದು ಇರಲು ಸಾಧ್ಯವೇ ಇಲ್ಲ. ಇಂಗ್ಲಿಷ್‌ನಲ್ಲಿ ಹಾಗಲ್ಲ. ‘ವಾಟ್’ ಮಾತ್ರ ಎದ್ದು ಮುಂದೆ ಹೋಗುತ್ತದೆ, ‘ಆಫ್’ ಅಡ್ಜೆಕ್ಟಿವ್ ಪಕ್ಕದಲ್ಲೇ ಒಂಟಿಯಾಗಿ ಉಳಿಯುತ್ತದೆ: ‘ವಾಟ್ ಆರ್ ಯು ಅಫ್ರೇಡ್ ಆಫ್?’ ಹೀಗೆ ವಾಕ್ಯದ ಕೊನೆಗೆ ಒಂಟಿ ಪ್ರಿಪೊಸಿಷನ್ ಬಿಡುವುದು ಕನ್ನಡದ ಕಿವಿಗೆ ಅರ್ಧಕ್ಕೇ ನಿಂತ ಹಾಗೆ ಕೇಳಿಸುತ್ತದೆ. ಹಾಗಾಗಿ ಹುಡುಗ ಅದನ್ನು ನುಂಗಿಬಿಡುತ್ತಾನೆ.

ಇನ್ನೂ ಗಮ್ಮತ್ತು ಇರುವುದು ‘ನಾನು ಹೆದರುವ ನಾಯಿ’ ತರಹದ ಮಾತಿನಲ್ಲಿ. ‘ನಾಯಿಗೆ ಹೆದರುತ್ತೇನೆ’ ಅನ್ನುವಾಗ ‘ಗೆ’ ಇತ್ತು. ‘ನಾನು ಹೆದರುವ ನಾಯಿ’ ಅಂದಾಗ ಆ ‘ಗೆ’ ಎಲ್ಲಿ ಹೋಯಿತು? ಮಾಯ. ‘ಕುರ್ಚಿ ಮೇಲೆ ಕೂತೆ’, ಆದರೆ ‘ನಾನು ಕೂತ ಕುರ್ಚಿ’. ‘ಚಾಕುವಿನಿಂದ ಕೊಯ್ದೆ’, ಆದರೆ ‘ನಾನು ಕೊಯ್ದ ಚಾಕು’. ಇಲ್ಲಿ ಪ್ರತ್ಯಯ ಬೀಳಲೇಬೇಕು, ಕನ್ನಡದ ನಿಯಮವೇ ಅದು. ಇಂಗ್ಲಿಷ್‌ನಲ್ಲಿ ಬೀಳುವ ಹಾಗಿಲ್ಲ: ‘ದ ಡಾಗ್ ಐ ಆ್ಯಮ್ ಅಫ್ರೇಡ್ ಆಫ್’, ‘ದ ಚೇರ್ ಐ ಸ್ಯಾಟ್ ಆನ್’. ಹುಡುಗರು ‘ದ ಡಾಗ್ ಐ ಆ್ಯಮ್ ಅಫ್ರೇಡ್’ ಅಂದರೆ ಅವರು ತಮ್ಮ ಭಾಷೆಯ ನಿಯಮವನ್ನು ನಿಷ್ಠೆಯಿಂದ ಪಾಲಿಸುತ್ತಿದ್ದಾರೆ ಅಂತ ಅರ್ಥ.

ಮದ್ದು ಏನು ಅಂದರೆ, ಉತ್ತರದಿಂದ ಪ್ರಶ್ನೆ ಮಾಡಿಸಿ. ಬೋರ್ಡ್ ಮೇಲೆ ‘ಯು ಆರ್ ಅಫ್ರೇಡ್ ಆಫ್ ಸ್ನೇಕ್ಸ್’ ಬರೆಯಿರಿ. ‘ಸ್ನೇಕ್ಸ್’ ಒಂದನ್ನೇ ಒರೆಸಿ, ‘ವಾಟ್’ ಅಂತ ಮಾಡಿ ಮುಂದಕ್ಕೆ ತನ್ನಿ. ‘ಆಫ್’ ಮುಟ್ಟಬೇಡಿ. ಒರೆಸಿದ ಖಾಲಿ ಜಾಗದ ಹಿಂದೆ ‘ಆಫ್’ ನಿಂತಿರುವುದು ಕಣ್ಣಿಗೆ ಕಾಣಬೇಕು.

ವಾಕ್ಯದ ಕೊನೆಯಲ್ಲಿ ಪ್ರಿಪೊಸಿಷನ್ ಬರಬಾರದು ಅಂತ ಯಾರಾದರೂ ಹಳಬರು ನಿಮ್ಮನ್ನು ಗದರಿಸಬಹುದು. ಕವಿ ಜಾನ್ ಡ್ರೈಡನ್ 1672ರಲ್ಲಿ ಅದರ ಬಗ್ಗೆ ಆಕ್ಷೇಪ ಎತ್ತಿದ, ಆಮೇಲಿನ ಎಷ್ಟೋ ಮೇಷ್ಟ್ರುಗಳು ಅದನ್ನೇ ಹಿಡಿದುಕೊಂಡು ಬಂದರು. ಇಂಗ್ಲಿಷ್ ಮಾತಾಡುವ ಜನ ಮಾತ್ರ ಅದಕ್ಕೆ ಕಿವಿಗೊಡಲಿಲ್ಲ. ‘ಆಫ್ ವಾಟ್ ಆರ್ ಯು ಅಫ್ರೇಡ್’ ಅಂತ ಇವತ್ತು ಯಾರಾದರೂ ಕೇಳಿದರೆ ಪೊಲೀಸ್ ವಿಚಾರಣೆ ಅನ್ನಿಸುತ್ತದೆ.

ಲೀಡ್ಸ್_ಅಕ್ಕ:

ಮೇಷ್ಟ್ರೇ, ‘ನಾನು ಕೊಯ್ದ ಚಾಕು’ ಓದಿ ಎರಡು ನಿಮಿಷ ಸುಮ್ಮನೆ ಕೂತೆ. ಇಷ್ಟು ವರ್ಷ ಹೇಳುತ್ತಲೇ ಇದ್ದೇವೆ, ಗಮನಿಸಿಯೇ ಇರಲಿಲ್ಲ.

ನನ್ನ ಕಡೆಯಿಂದ ಒಂದು ಮಾತು. ಸಿಟ್ಟು, ಭಯ, ಹೆಮ್ಮೆ, ಬೇಜಾರು, ಇವೆಲ್ಲ ಕನ್ನಡದಲ್ಲಿ ನಾಮಪದಗಳು. ನನಗೆ ಭಯ ಇದೆ, ನನಗೆ ಸಿಟ್ಟು ಬಂತು, ನನಗೆ ಬೋರ್ ಆಗ್ತಿದೆ. ಭಾವನೆ ಹೊರಗಿನಿಂದ ನಮ್ಮ ಹತ್ತಿರ ಬರುತ್ತದೆ. ಇಂಗ್ಲಿಷ್‌ನಲ್ಲಿ ಅದು ಅಡ್ಜೆಕ್ಟಿವ್, ಮನುಷ್ಯನೇ ಹಾಗೆ ಆಗುತ್ತಾನೆ: ‘ಐ ಆ್ಯಮ್ ಅಫ್ರೇಡ್’, ‘ಐ ಆ್ಯಮ್ ಬೋರ್ಡ್’. ಇದು ತಲೆಗೆ ಹೋಗದಿದ್ದರೆ ಪ್ರಿಪೊಸಿಷನ್‌ಗಿಂತ ಮೊದಲೇ ಎಡವುತ್ತಾರೆ. ‘ಐ ಆ್ಯಮ್ ಬೋರಿಂಗ್’ ಅನ್ನುತ್ತಾರೆ, ಅಂದರೆ ‘ನಾನು ಬೋರ್ ಹೊಡೆಸುವವನು’ ಅಂತ ತಮ್ಮನ್ನೇ ಬೈದುಕೊಂಡ ಹಾಗೆ. ಆದ್ದರಿಂದ ಮೊದಲು ‘ಬೋರ್ಡ್’ ಸರಿಯಾಗಲಿ, ಆಮೇಲೆ ‘ವಿತ್’.

ಹಾಗಂತ ಎಲ್ಲ ಕಡೆ ಕನ್ನಡ ಅಡ್ಡ ಬರುವುದಿಲ್ಲ. ಕೆಲವು ಕಡೆ ಕೈ ಹಿಡಿಯುತ್ತದೆ. ‘ಇಟ್ ಈಸ್ ಕೈಂಡ್ ಆಫ್ ಯು ಟು ಹೆಲ್ಪ್ ಮಿ’ ಮತ್ತು ‘ಹಿ ವಾಸ್ ಕೈಂಡ್ ಟು ಮಿ’, ಇವೆರಡು ತುಂಬಾ ಜನಕ್ಕೆ ಗೊಂದಲ. ಕನ್ನಡದಲ್ಲಿ ಹೇಳಿ ನೋಡಿ: ‘ಸಹಾಯ ಮಾಡಿದ್ದು ನಿಮ್ಮ ದೊಡ್ಡತನ’. ಆ ‘ನಿಮ್ಮ’ ಇದೆಯಲ್ಲ, ಅದೇ ‘ಆಫ್ ಯು’. ಗುಣ ಯಾರದ್ದು ಅಂತ ಹೇಳುತ್ತಿದೆ. ‘ಅವನು ನನಗೆ ದಯೆ ತೋರಿಸಿದ’, ಆ ‘ನನಗೆ’ ಅಂದರೆ ‘ಟು ಮಿ’. ಗುಣ ಯಾರ ಕಡೆ ಹೋಯಿತು ಅಂತ ಹೇಳುತ್ತಿದೆ. ‘ನೈಸ್ ಆಫ್ ಯು’, ‘ರೂಡ್ ಟು ಹರ್’, ‘ಕ್ಲೆವರ್ ಆಫ್ ಹಿಮ್’ ಎಲ್ಲಕ್ಕೂ ಇದೇ ಲೆಕ್ಕ. ಇಲ್ಲಿ ಲಂಗುಲಗಾಮಿಲ್ಲದೆ ಕನ್ನಡದಲ್ಲಿ ಯೋಚನೆ ಮಾಡಬಹುದು.

ಇನ್ನು ಆ ಎ ಟು ಝಡ್ ಪಟ್ಟಿ ಹರಿದು ಹಾಕಿ, ಪ್ರಿಪೊಸಿಷನ್ ಪ್ರಕಾರ ಗುಂಪು ಮಾಡಿ. ‘ಆ್ಯಟ್’ ಹತ್ತಿರ ಕೈಚಳಕ ಸೇರಿಸಿ, ಗುಡ್, ಬ್ಯಾಡ್, ಬ್ರಿಲಿಯಂಟ್, ಹೋಪ್‌ಲೆಸ್, ಎಲ್ಲವೂ ‘ಆ್ಯಟ್’. ‘ಟು’ ಹತ್ತಿರ ನಂಟು ಮತ್ತು ಅಂಟು: ಮ್ಯಾರೀಡ್, ರಿಲೇಟೆಡ್, ಸಿಮಿಲರ್, ಈಕ್ವಲ್, ಅಡಿಕ್ಟೆಡ್, ಅಲರ್ಜಿಕ್. ‘ಅಬೌಟ್’ ಹತ್ತಿರ ತಲೆಯಲ್ಲಿ ಸುತ್ತುವ ಯೋಚನೆ, ವರೀಡ್, ಎಕ್ಸೈಟೆಡ್, ಆ್ಯಂಕ್ಷಸ್. ‘ಆಫ್’ ಗುಂಪು ದೊಡ್ಡದು, ಅಫ್ರೇಡ್, ಪ್ರೌಡ್, ಅಶೇಮ್ಡ್, ಜೆಲಸ್, ಅವೇರ್, ಫುಲ್, ಅದಕ್ಕೆ ಒಂದು ಹೆಸರು ಇಡಲು ನನಗೆ ಆಗಿಲ್ಲ.

ಕೆಂಪು_ಪೆನ್ನು:

ಅಕ್ಕಾ, ಗುಂಪು ಮಾಡುವುದು ದೊಡ್ಡವರಿಗೆ ಸರಿ, ಆಗಲೇ ಗೊತ್ತಿರುವುದನ್ನು ಜೋಡಿಸಿಕೊಳ್ಳಲು. ಹೊಸಬರಿಗೆ ಒಂದೇ ದಿನ ‘ಆಫ್’ ಗುಂಪಿನ ಹತ್ತು ಪದ ಕೊಟ್ಟರೆ ಮಾರನೇ ದಿನ ಕಲಸುಮೇಲೋಗರ ಆಗುತ್ತದೆ ಅನ್ನುವುದು ನನ್ನ ಅನುಮಾನ. ಮೇಷ್ಟ್ರು ಹೇಳಿದ ಹಾಗೆ ಒಂದೊಂದಾಗಿ, ವಾಕ್ಯದ ಜೊತೆಗೇ ಕಲಿತು, ಆಮೇಲೆ ಗುಂಪು ಮಾಡಲಿ.

‘ಆಫ್’ ಗುಂಪಿಗೆ ಹೆಸರು ಯಾಕೆ ಸಿಗುವುದಿಲ್ಲ ಅನ್ನುವುದಕ್ಕೆ ಸ್ವಲ್ಪ ಹಳೆ ಕಥೆ ಇದೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷ್‌ನಲ್ಲಿ ನಮ್ಮ ಹಾಗೆಯೇ ವಿಭಕ್ತಿ ಪ್ರತ್ಯಯಗಳು ಇದ್ದವು. ಕೆಲವು ಅಡ್ಜೆಕ್ಟಿವ್‌ಗಳಿಗೆ ಷಷ್ಠಿ (ನಮ್ಮ ‘ರಾಮನ’ ತರಹದ್ದು) ಬೇಕಿತ್ತು, ‘ಫುಲ್’ ಅಂಥದ್ದು. ಕೆಲವಕ್ಕೆ ಚತುರ್ಥಿ (‘ರಾಮನಿಗೆ’) ತರಹದ್ದು. ಕಾಲ ಕಳೆದ ಹಾಗೆ ಆ ಪ್ರತ್ಯಯಗಳು ಸವೆದು ಉದುರಿದವು. ಷಷ್ಠಿಯ ಕೆಲಸವನ್ನು ಬಹುಪಾಲು ‘ಆಫ್’ ವಹಿಸಿಕೊಂಡಿತು, ಚತುರ್ಥಿಯದ್ದನ್ನು ‘ಟು’. ಅದಕ್ಕೇ ‘ಆಫ್’ ಹಲವು ಕಡೆ ಅರ್ಥಕ್ಕಿಂತ ಜಾಸ್ತಿ ವ್ಯಾಕರಣದ ಅಂಟಾಗಿ ಕಾಣುತ್ತದೆ. ‘ವರ್ತ್’, ‘ಲೈಕ್’ ತರಹದ ಒಂದೆರಡು ಪದ ಪ್ರಿಪೊಸಿಷನ್ ಇಲ್ಲದೆಯೇ ಉಳಿದುಕೊಂಡವು: ‘ವರ್ತ್ ಎ ಲಾಟ್’, ‘ಲೈಕ್ ಹಿಸ್ ಫಾದರ್’. ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡಿದ ಕನ್ನಡ ಮೀಡಿಯಂ ಹುಡುಗರಿಗೆ ಇದನ್ನು ಹೇಳುವುದು ಇಂಗ್ಲಿಷ್ ಮೀಡಿಯಂನವರಿಗೆ ಹೇಳುವುದಕ್ಕಿಂತ ಸುಲಭ, ನೋಡಿ.

ರಾಣೆಬೆನ್ನೂರು_ಟ್ಯೂಷನ್:

ಇದು ಕೊನೆ ಪ್ರಶ್ನೆ. ಅಡ್ಜೆಕ್ಟಿವ್ ಆದಮೇಲೆ ಕ್ರಿಯಾಪದ ಬಂದರೆ? ‘ಇಂಟರೆಸ್ಟೆಡ್ ಟು ಲರ್ನ್’ ಅಂತ ಬರೆಯುತ್ತಾರೆ, ‘ಇಂಟರೆಸ್ಟೆಡ್ ಇನ್ ಲರ್ನ್’ ಅಂತಲೂ ಬರೆಯುತ್ತಾರೆ. ‘ಪ್ರೌಡ್ ಆಫ್ ದಟ್ ಮೈ ಬ್ರದರ್ ಪಾಸ್ಡ್’ ಅಂತ ಒಬ್ಬ ಬರೆದಿದ್ದಾನೆ.

ಕೆಂಪು_ಪೆನ್ನು:

ಪ್ರಿಪೊಸಿಷನ್ ಆದಮೇಲೆ ಕ್ರಿಯಾಪದ ಬಂದರೆ ‘ಇಂಗ್’ ರೂಪ, ಅದರಲ್ಲಿ ರಿಯಾಯಿತಿ ಇಲ್ಲ. ‘ಇಂಟರೆಸ್ಟೆಡ್ ಇನ್ ಲರ್ನಿಂಗ್’, ‘ಗುಡ್ ಆ್ಯಟ್ ಡ್ರಾಯಿಂಗ್’, ‘ಟೈರ್ಡ್ ಆಫ್ ವೇಯ್ಟಿಂಗ್’. ‘ಇಂಟರೆಸ್ಟೆಡ್ ಟು’ ಪೂರ್ತಿ ತಪ್ಪಲ್ಲ, ‘ಇಂಟರೆಸ್ಟೆಡ್ ಟು ನೋ’, ‘ಟು ಹಿಯರ್’ ಅಂತ ಒಂದು ಸುದ್ದಿ ತಿಳಿಯುವ ಕುತೂಹಲಕ್ಕೆ ಬರುತ್ತದೆ. ಕಲಿಯುವ ಆಸಕ್ತಿಗೆ ‘ಇನ್’.

‘ದಟ್’ ಬಂದರೆ ಪ್ರಿಪೊಸಿಷನ್ ಜಾಗ ಖಾಲಿ ಮಾಡಬೇಕು: ‘ಪ್ರೌಡ್ ಆಫ್ ಮೈ ಬ್ರದರ್’, ಆದರೆ ‘ಪ್ರೌಡ್ ದಟ್ ಮೈ ಬ್ರದರ್ ಪಾಸ್ಡ್’. ಎರಡೂ ಒಟ್ಟಿಗೆ ಇರುವುದಿಲ್ಲ.

ಕೆಲವು ಅಡ್ಜೆಕ್ಟಿವ್‌ಗಳಿಗೆ ಎರಡೂ ದಾರಿ ಇದೆ, ಅರ್ಥ ಬೇರೆ. ‘ಹಿ ಈಸ್ ಶೂರ್ ಆಫ್ ವಿನ್ನಿಂಗ್’ ಅಂದರೆ ಗೆಲ್ಲುತ್ತೇನೆ ಅಂತ ಅವನಿಗೆ ನಂಬಿಕೆ. ‘ಹಿ ಈಸ್ ಶೂರ್ ಟು ವಿನ್’ ಅಂದರೆ ಅವನು ಗೆದ್ದೇ ಗೆಲ್ಲುತ್ತಾನೆ ಅಂತ ಹೇಳುವವರಿಗೆ ನಂಬಿಕೆ, ಪಾಪ ಅವನು ಒಳಗೊಳಗೇ ನಡುಗುತ್ತಿರಬಹುದು.

ಸಾಗರದ_ಮೇಷ್ಟ್ರು:

ಅದಕ್ಕೆ ‘ಅಫ್ರೇಡ್’ ಕೂಡ ಸೇರಿಸಿ. ‘ಅಫ್ರೇಡ್ ಟು ಜಂಪ್’ ಅಂದರೆ ಹಾರೋಕೆ ಭಯ, ಅದಕ್ಕೇ ಹಾರುತ್ತಿಲ್ಲ. ‘ಅಫ್ರೇಡ್ ಆಫ್ ಫಾಲಿಂಗ್’ ಅಂದರೆ ಎಲ್ಲಿ ಬಿದ್ದುಬಿಡುತ್ತೇನೋ ಅಂತ ಭಯ. ಬೇಕು ಅಂತ ಬೀಳುವವರು ಯಾರೂ ಇಲ್ಲವಲ್ಲ, ಹಾಗಾಗಿ ಅಲ್ಲಿ ‘ಟು ಫಾಲ್’ ಹೊಂದುವುದಿಲ್ಲ. ಕನ್ನಡದಲ್ಲಿ ‘ಹಾರೋಕೆ ಭಯ’, ‘ಬೀಳ್ತೀನೇನೋ ಅಂತ ಭಯ’ ಅಂತ ಹೇಗೂ ಬೇರೆ ಬೇರೆಯಾಗಿಯೇ ಹೇಳುತ್ತೇವೆ, ಹುಡುಗರು ಥಟ್ಟನೆ ಹಿಡಿಯುತ್ತಾರೆ.

‘ಯೂಸ್ಡ್ ಟು’ ಒಂದು ಗುಂಡಿ ಇದೆ, ಜೋಪಾನ. ‘ಐ ಯೂಸ್ಡ್ ಟು ಗೆಟ್ ಅಪ್ ಅರ್ಲಿ’ ಅಂದರೆ ಮುಂಚೆ ಬೇಗ ಏಳುತ್ತಿದ್ದೆ, ಈಗ ಇಲ್ಲ. ‘ಐ ಆ್ಯಮ್ ಯೂಸ್ಡ್ ಟು ಗೆಟಿಂಗ್ ಅಪ್ ಅರ್ಲಿ’ ಅಂದರೆ ಬೇಗ ಏಳುವುದು ಅಭ್ಯಾಸವಾಗಿಬಿಟ್ಟಿದೆ. ಎರಡನೆಯದರಲ್ಲಿ ‘ಯೂಸ್ಡ್’ ಅಡ್ಜೆಕ್ಟಿವ್, ‘ಟು’ ಪ್ರಿಪೊಸಿಷನ್, ಆದ್ದರಿಂದ ‘ಇಂಗ್’. ಇಂಟರ್‌ವ್ಯೂನಲ್ಲಿ ನೈಟ್ ಶಿಫ್ಟ್ ಬಗ್ಗೆ ಕೇಳಿದಾಗ ‘ಐ ಯೂಸ್ಡ್ ಟು ವರ್ಕ್ ಅಟ್ ನೈಟ್’ ಅಂದರೆ ‘ಈಗ ಆಗಲ್ಲ’ ಅಂತ ಕೇಳಿಸಬಹುದು. ‘ಐ ಆ್ಯಮ್ ಯೂಸ್ಡ್ ಟು ವರ್ಕಿಂಗ್ ಅಟ್ ನೈಟ್’ ಅನ್ನಲು ಹೇಳಿ.

ರಾಣೆಬೆನ್ನೂರು_ಟ್ಯೂಷನ್:

ಆಯ್ತು ಮೇಷ್ಟ್ರೇ. ನಮ್ಮ ಬ್ಯಾಚಿನಲ್ಲಿ ನಾಲ್ಕೈದು ಜನ ಕಾಲ್ ಸೆಂಟರ್ ಇಂಟರ್‌ವ್ಯೂಗೆ ಹೋಗುವವರಿದ್ದಾರೆ, ಸೋಮವಾರ ‘ಯೂಸ್ಡ್ ಟು’ ಇಂದಲೇ ಶುರು. ‘ಗುಡ್ ಇನ್’ ಸದ್ಯಕ್ಕೆ ಬಿಟ್ಟಿದ್ದೇನೆ, @ಸುಮ್ನೆ_ಒಬ್ಬ ಅವರಿಗೆ ಖುಷಿ ಆಗಲಿ.